ಟೆಸ್ಟಿಂಗ್ ಅಕ್ಕನ ಕಾಶಿಯಾತ್ರೆ

ಅವರ ಬಲಗೈ ಹೆಬ್ಬೆರಳಿನ ತುದಿ ಚಪ್ಪಟೆಯಾಗಿತ್ತು. ಅಲ್ಲಿಯ ಚರ್ಮ ದಪ್ಪಗಾಗಿ, ಹಳದಿಗಟ್ಟಿ, ಹಳೆಯ ಚಪ್ಪಲಿಯ ಅಟ್ಟೆಯ ಹಾಗೆ ಆಗಿಹೋಗಿತ್ತು. ಉಗುರು ಒಂದು ಪಕ್ಕಕ್ಕೆ ವಾಲಿತ್ತು. ಮೊದಲ ಸಲ ನೋಡಿದಾಗ ಒಲೆಯಲ್ಲಿ ಸುಟ್ಟುಕೊಂಡಿರಬೇಕು ಅಂದುಕೊಂಡೆ. ಅದು ಸ್ವಿಚ್ಚು ಒತ್ತಿ ಒತ್ತಿ ಆದದ್ದು ಅಂತ ಆಮೇಲೆ ತಿಳಿಯಿತು. ಯಶವಂತಪುರದಾಚೆ ಇದ್ದ ನಮ್ಮ ಕಾರ್ಖಾನೆಯಲ್ಲಿ ಗೋಡೆಗೆ ಹಾಕುವ ಲೈಟಿನ ಸ್ವಿಚ್ಚುಗಳು ತಯಾರಾಗುತ್ತಿದ್ದವು. ನಾವು ಹುಡುಗಿಯರು ಉದ್ದನೆಯ ಮೇಜಿನ ಎರಡೂ ಕಡೆ ಕೂತು ಸ್ಪ್ರಿಂಗು, ತಗಡು, ಸ್ಕ್ರೂ ಕೂಡಿಸಿ ಮುಂದಕ್ಕೆ ತಳ್ಳುತ್ತಿದ್ದೆವು. ಮೇಜಿನ ಕೊನೆಯಲ್ಲಿ ಅವರು. ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಹೆಬ್ಬೆರಳಿನಿಂದ ಒತ್ತುತ್ತಿದ್ದರು. ಟಕ್ ಎಂದು ಒಂದೇ ಶಬ್ದ ಬಂದರೆ ಬಲಗಡೆಯ ಟ್ರೇಗೆ. ಶಬ್ದ ಒಡಕಾಗಿ ಬಂದರೆ ಎಡಗಡೆಯದಕ್ಕೆ. ಎಡಗಡೆಯ ಟ್ರೇಗೆ ಎಲ್ಲರೂ ರಿಜೆಕ್ಟ್ ಅನ್ನುತ್ತಿದ್ದರೆ ಅವರು ಮಾತ್ರ 'ಬೇಡಾದ್ದು' ಅನ್ನುತ್ತಿದ್ದರು.

ಹಾಜರಿ ಕಾರ್ಡಿನಲ್ಲಿ ಅವರಿಗೊಂದು ಹೆಸರಿತ್ತು, ಯಾರೂ ಬಳಸುತ್ತಿರಲಿಲ್ಲ. ಮ್ಯಾನೇಜರಿಂದ ಹಿಡಿದು ಗೇಟಿನ ವಾಚ್‌ಮನ್‌ವರೆಗೆ ಎಲ್ಲರಿಗೂ ಅವರು ಟೆಸ್ಟಿಂಗ್ ಅಕ್ಕ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಕೆಲಸಕ್ಕೆ ಸೇರಿದಾಗ ಅವರಿಗೆ ನಲವತ್ತಕ್ಕೆ ಸ್ವಲ್ಪ ಕಡಿಮೆ ಇರಬೇಕು. ಇಬ್ಬರೂ ಯಲಹಂಕದವರಾದ್ದರಿಂದ ಕಂಪನಿ ಬಸ್ಸಿನಲ್ಲಿ ಅಕ್ಕಪಕ್ಕ ಕೂರುವುದು ಅಭ್ಯಾಸವಾಯಿತು. ಅಕ್ಕಪಕ್ಕ ಅಂದರೆ, ಕಿಟಕಿ ಅವರದು. ಅಪ್ಪಿತಪ್ಪಿ ಬೇರೆ ಯಾರಾದರೂ ಅಲ್ಲಿ ಕೂತರೆ ಏಳಿ ಅನ್ನುತ್ತಿರಲಿಲ್ಲ. ವೈರಿನ ಬುಟ್ಟಿಯನ್ನು ಎದೆಗೆ ಒತ್ತಿಕೊಂಡು ಪಕ್ಕದಲ್ಲಿ ನಿಂತು ನೋಡುತ್ತಿದ್ದರು, ಅಷ್ಟೇ. ಕೂತವರು ಹೆಬ್ಬಾಳ ಬರುವುದರೊಳಗೆ ಎದ್ದುಬಿಡುತ್ತಿದ್ದರು. ಬಲು ಮುಂಗೋಪಿ. ಸ್ಕ್ರೂ ಸಡಿಲ ಬಿಟ್ಟವರಿಗೆ "ತಲೇಲಿ ಏನ್ ಹತ್ತಿ ತುಂಬ್ಕೊಂಡಿದ್ಯಾ?" ಎಂದು ಇಡೀ ಮೇಜಿಗೆ ಕೇಳುವ ಹಾಗೆ ಬೈಯುತ್ತಿದ್ದರು. ಹೊಗಳಿದ್ದನ್ನು ನಾನು ಕೇಳಿಲ್ಲ. ಹೆಚ್ಚೆಂದರೆ "ಪರ್ವಾಗಿಲ್ಲ" ಅನ್ನುತ್ತಿದ್ದರು, ಅದನ್ನು ಕೇಳಿದವಳು ಆ ದಿನವೆಲ್ಲ ಮೆರೆಯುತ್ತಿದ್ದಳು. ದ್ರಾಕ್ಷಿಯ ಕಾಲದಲ್ಲಿ ನಮ್ಮ ಕಡೆಯ ಕಪ್ಪು ದ್ರಾಕ್ಷಿ ತಂದು, ಬಸ್ಸಿನಲ್ಲಿ ಎಲ್ಲರಿಗೂ ಹಂಚಿ, ಬೀಜ ಸೀಟಿನ ಕೆಳಗೆ ಉಗಿದವರನ್ನು ಗುರುತಿಟ್ಟುಕೊಂಡು ಮಾರನೆಯ ದಿನ ಕೊಡುತ್ತಿರಲಿಲ್ಲ.

ಅವರ ಸಂಸಾರದ ಕಥೆ ಎಲ್ಲರಿಗೂ ಗೊತ್ತಿತ್ತು, ಯಾರೂ ಎದುರಿಗೆ ಆಡುತ್ತಿರಲಿಲ್ಲ. ಯಶವಂತಪುರದಲ್ಲಿ ದೇವರ ಪಟಗಳಿಗೆ ಫ್ರೇಮು ಹಾಕುವ ಅಂಗಡಿಯವನಿಗೆ ಅವರನ್ನು ಕೊಟ್ಟಿದ್ದರು. ಮಕ್ಕಳಾಗಲಿಲ್ಲ ಅಂತ ಅವನು ಇನ್ನೊಬ್ಬಳನ್ನು ಮನೆಗೆ ಕರೆತಂದ. ಅಕ್ಕ ಜಗಳ ಆಡಲಿಲ್ಲವಂತೆ. ಉಟ್ಟ ಸೀರೆಯಲ್ಲಿ, ಎರಡು ಸೀರೆ ತುಂಬಿದ ಬುಟ್ಟಿ ಹಿಡಿದು ಹೊರಗೆ ಬಂದರಂತೆ. ಕೋರ್ಟಿಗೆ ಅಲೆದು ಬಿಡುಗಡೆಯ ಕಾಗದವನ್ನೂ ತಂದುಕೊಂಡರು. ಆ ಕಾಲಕ್ಕೆ ಅದೇನು ಸಣ್ಣ ಮಾತಲ್ಲ. ಅವನ ಹೆಸರನ್ನಾಗಲಿ, ಗಂಡ ಅನ್ನುವ ಪದವನ್ನಾಗಲಿ ಅವರ ಬಾಯಲ್ಲಿ ನಾನು ಕೇಳಿಲ್ಲ. 'ಆ ಮನುಷ್ಯ' ಅನ್ನುತ್ತಿದ್ದರು, ಸಿಟ್ಟಿಲ್ಲದೆ. ಅವರಿಗೆ ಇದ್ದ ಸಂಕಟ ಬೇರೆಯದು. ಅಕ್ಕ ಗಂಡನ ಮನೆ ಬಿಟ್ಟ ಮಾರನೆಯ ವರ್ಷವೇ ಅವರ ತಾಯಿ ತೀರಿಕೊಂಡಿದ್ದರು. ಬಸ್ಸಿನ ಕಿಟಕಿಯಿಂದ ಯಾರಾದರೂ ವಯಸ್ಸಾದ ಹೆಂಗಸು ಕಂಡರೆ ಅಕ್ಕ ತಟ್ಟನೆ ಬಗ್ಗಿ ನೋಡುತ್ತಿದ್ದರು. "ಅಮ್ಮಂದೂ ಇಂಥಾ ಮೂಗೇ ಕಣೆ," ಎಂದು ಒಮ್ಮೆ ಅಂದರು. ಸ್ವಲ್ಪ ದೂರ ಹೋದ ಮೇಲೆ, "ಮೂಗು ನೆನಪಿದೆ. ಮುಖ ಮರೀತಾ ಬರ್ತಿದೆ," ಅಂದರು.

ನನಗೆ ನಿಶ್ಚಯವಾಗಿದ್ದ ಒಂದು ಸಂಬಂಧ ಮುರಿದುಬಿತ್ತು. ಶಿಫ್ಟಿಗೆ ಹೋಗುವ ಹುಡುಗಿ ಬೇಡ ಅಂತ ಗಂಡಿನ ಕಡೆಯವರು ತಾಂಬೂಲ ಬದಲಾಯಿಸಿದ ಮೇಲೆ ಹೇಳಿ ಕಳಿಸಿದರು. ಮಾರನೆಯ ದಿನ ಕ್ಯಾಂಟೀನಿನಲ್ಲಿ ಡಬ್ಬಿ ಬಿಚ್ಚಿದವಳು ಅದರ ಮುಂದೆಯೇ ಅಳುತ್ತಾ ಕೂತೆ. ಸುತ್ತ ಇದ್ದವರೆಲ್ಲ ಲೊಚಗುಟ್ಟಿದರು. ಅಕ್ಕ ತಮ್ಮ ಡಬ್ಬಿಯಿಂದ ಒಂದು ಸೌಟು ಅವರೆಕಾಳು ಹುಳಿ ನನ್ನ ಅನ್ನದ ಮೇಲೆ ಸುರಿದು, "ಊಟದ ಮುಂದೆ ಅಳಬೇಡ. ಹುಳಿಗೆ ಆಗ್ಲೇ ಉಪ್ಪು ಹಾಕಿದೀನಿ," ಅಂದರು. ಅಳುತ್ತಿದ್ದವಳಿಗೆ ನಗು ಬಂತು. ಆ ದಿನ ಪೂರ್ತಿ ಊಟ ಮಾಡಿದೆ.

ಇನ್ನು ಸ್ಟೋರ್ಸಿನವರ ವಿಷಯ. ಗದಗಿನ ಕಡೆಯವರು, ಸ್ಟೋರ್ಸ್ ಕ್ಲರ್ಕು. ತಂಗಿಯರ ಮದುವೆ ಮಾಡುತ್ತಾ ಮಾಡುತ್ತಾ ತಮ್ಮ ಮದುವೆಯ ವಯಸ್ಸು ದಾಟಿಸಿಕೊಂಡವರು. ಹೇಳಿದ ಮಾತನ್ನು ಹೇಳಿದ ಹಾಗೇ ಪಾಲಿಸುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಒಮ್ಮೆ ಮ್ಯಾನೇಜರು "ನಾನು ಬರೋವರೆಗೂ ಸ್ಟೋರ್ಸ್ ಬಿಟ್ಟು ಕದಲಬೇಡಿ" ಎಂದು ಹೇಳಿ, ಮರೆತು ಮನೆಗೆ ಹೋಗಿಬಿಟ್ಟರು. ಶಿಫ್ಟು ಮುಗಿದು ಬಸ್ಸುಗಳು ಹೊರಟುಹೋದ ಮೇಲೆ ಬೀಗ ಹಾಕಲು ಬಂದ ವಾಚ್‌ಮನ್ನಿಗೆ ಇವರು ಸ್ಟೂಲಿನ ಮೇಲೆ ನೆಟ್ಟಗೆ ಕೂತಿದ್ದು ಕಂಡಿತು. ದಿನಾ ಸಂಜೆ ಎಡಗಡೆಯ ಟ್ರೇ ಒಯ್ಯಲು ಇವರೇ ಬರುತ್ತಿದ್ದರು. ಕಳಿಸಲು ಬೇಕಾದಷ್ಟು ಆಳುಗಳಿದ್ದರು. ಆದರೂ ಇವರೇ ಬಂದು, ಒಂದು ಮಾರು ದೂರ ನಿಂತು, "ಬ್ಯಾಡಾದವು ಎಷ್ಟ ಅದಾವ್ರಿ ಇವತ್ತ?" ಎಂದು ಕೇಳುತ್ತಿದ್ದರು. "ನೀವೇ ನೋಡ್ಕೊಳ್ಳಿ," ಅನ್ನುತ್ತಿದ್ದರು ಅಕ್ಕ. ಇಷ್ಟೇ ಮಾತು ವರ್ಷಗಟ್ಟಲೆ ನಡೆಯಿತು. ಅದರೊಳಗೆ ಏನೋ ಇದೆ ಅಂತ ಮೊದಲು ಪತ್ತೆ ಹಚ್ಚಿದವಳು ನಾನೇ. ಯಾಕೆಂದರೆ ಸಂಜೆಯಾಗುತ್ತಾ ಬಂದ ಹಾಗೆ ಅಕ್ಕ ಯಾರನ್ನೂ ಬೈಯುತ್ತಿರಲಿಲ್ಲ.

ಮದುವೆ ಮಾಡಿಕೊಳ್ಳುತ್ತೇನೆ ಎಂದು ಅವರು ನನಗೆ ಹೇಳಿದ್ದೂ ಬಸ್ಸಿನಲ್ಲೇ. "ಈ ವಯಸ್ಸಲ್ಲಿ ಯಾಕೆ ಅಂತ ಕೇಳ್ತಾರೆ ಎಲ್ಲರೂ. ಊಟಕ್ಕೆ ಕೂತಾಗ ಎದುರಿಗೆ ಒಂದು ಜನ ಇರ್ಬೇಕು ಕಣೆ. ಅಷ್ಟೇ." ದೇವಸ್ಥಾನದಲ್ಲಿ ಹಾರ ಬದಲಾಯಿಸಿದರೆ ಸಾಕು ಅಂತ ಅವರಿಗೆ ಇತ್ತು. ಆಮೇಲೆ ತಾವೇ ಮನಸ್ಸು ಬದಲಾಯಿಸಿದರು. "ಅವರಿಗೆ ಇದು ಮೊದಲನೇ ಮದುವೆ. ನನ್ನ ದೆಸೆಯಿಂದ ಅವರಿಗೆ ಏನೂ ಕಡಿಮೆ ಆಗಬಾರದು. ಎಲ್ಲಾ ಶಾಸ್ತ್ರಾನೂ ಆಗ್ಲಿ" ಅಂದರು. ದೊಡ್ಡಬಳ್ಳಾಪುರದಲ್ಲಿದ್ದ ಅವರ ಅಣ್ಣ ಬಂದು ನಿಂತು ಧಾರೆ ಎರೆಯಲು ಒಪ್ಪಿದ, ಅದೂ ಒಂದು ಷರತ್ತಿನ ಮೇಲೆ. ಮದುವೆ ಮನೆಯಲ್ಲಿ ಹಳೆಯ ವಿಷಯ ಒಬ್ಬರ ಬಾಯಲ್ಲಿ ಬಂದರೂ ಎದ್ದು ಹೋಗುತ್ತೇನೆ ಎಂದಿದ್ದ. ಊರಿನ ಪುರೋಹಿತರು ಯಾರೂ ಬರಲಿಲ್ಲ. ಕೊನೆಗೆ ನಮ್ಮ ಪೇಂಟ್ ಸೆಕ್ಷನ್ನಿನ ಭಟ್ಟರೇ ಒಪ್ಪಿಕೊಂಡರು. ವಾರವೆಲ್ಲ ಬಣ್ಣದ ಸ್ಪ್ರೇ ಹಿಡಿಯುವವರು, ರಜಾದಿನಗಳಲ್ಲಿ ಮಾತ್ರ ಪೌರೋಹಿತ್ಯ. ಹಾಗಾಗಿ ಮುಹೂರ್ತವೂ ರಜೆಯ ದಿನವೇ ಬೀಳಬೇಕಿತ್ತು. ಪಂಚಾಂಗ ತಿರುವಿ ಹಾಕಿ ಭಟ್ಟರು ರಾಜ್ಯೋತ್ಸವದ ದಿನ ಇಟ್ಟರು.

ಯಲಹಂಕದ ಹಳೇ ಊರಿನ ಒಂದು ಪುಟ್ಟ ಛತ್ರ. ಬೀದಿಯ ತುಂಬ ಕೆಂಪು ಹಳದಿ ಬಾವುಟ. ಅದು ನಾಡಹಬ್ಬಕ್ಕೆ ಕಟ್ಟಿದ್ದು, ಆದರೆ ಗದಗಿನಿಂದ ಬಂದಿದ್ದ ಸ್ಟೋರ್ಸಿನವರ ತಾಯಿ "ಮದಿವಿಗೆ ಎಷ್ಟ ಚಂದ ಮಾಡ್ಯಾರವ್ವಾ" ಎಂದು ಸಂತೋಷಪಟ್ಟರು. ಅವರಿಗೆ ಕಣ್ಣು ಮಂದ. ಯಾರೂ ತಿದ್ದಲು ಹೋಗಲಿಲ್ಲ.

ಕಾಶಿಯಾತ್ರೆಯ ಶಾಸ್ತ್ರ ಬಂತು. ಮದುವೆ ಬೇಡ, ಕಾಶಿಗೆ ಹೋಗುತ್ತೇನೆ ಎಂದು ಗಂಡು ಕೊಡೆ, ಕೋಲು, ಬೀಸಣಿಗೆ ಹಿಡಿದು ಹೊರಡುವುದು, ಹೆಣ್ಣಿನ ಅಪ್ಪನೋ ಅಣ್ಣನೋ ನಾಲ್ಕು ಹೆಜ್ಜೆ ಹಿಂದೆ ಹೋಗಿ, ಹೋಗಬೇಡಿ, ನಮ್ಮ ಹುಡುಗಿಯನ್ನು ಕೊಡುತ್ತೇವೆ ಎಂದು ತೆಂಗಿನಕಾಯಿ ಕೊಟ್ಟು ಕರೆತರುವುದು. ಎಲ್ಲರೂ ನಗುತ್ತಾ ನೋಡುವ ಆಟ. ಸ್ಟೋರ್ಸಿನವರು ಮಾತ್ರ ನಗಲಿಲ್ಲ. "ನಮ್ಮ ಮನ್ಯಾಗ ಈ ಪದ್ಧತಿ ಇಲ್ರಿ. ಹೆಂಗ ಮಾಡ್ಲಿ ಹೇಳ್ರಿ," ಎಂದು ಕೇಳಿದರು. ಉಗುರಿನಲ್ಲಿ ಇನ್ನೂ ಹಸಿರು ಬಣ್ಣ ಅಂಟಿಕೊಂಡಿದ್ದ ಕೈಯಾಡಿಸಿ ಭಟ್ಟರು ಹೇಳಿದರು: "ಹೊಸ್ತಿಲು ದಾಟಿದ ಮೇಲೆ ತಿರುಗಿ ನೋಡ್ಬಾರ್ದು. ನಡೀತಾ ಇರಿ. ಹೆಣ್ಣಿನ ಕಡೆಯವರು ಬಂದು ಕರೆಯೋವರೆಗೂ ನಿಲ್ಲಬಾರ್ದು."

"ಹೂಂರಿ," ಅಂದರು ಅವರು.

ನಾದಸ್ವರ ಶುರುವಾಯಿತು. ಕೊಡೆ ಬಿಚ್ಚಿಕೊಂಡು ಅವರು ಹೊರಟರು. ಅಕ್ಕನ ಅಣ್ಣ ಪೇಟ ಸರಿಮಾಡಿಕೊಂಡು, ತೆಂಗಿನಕಾಯಿ ಹಿಡಿದು ಹೊಸ್ತಿಲ ಹತ್ತಿರ ಬಂದ. ಅಷ್ಟರಲ್ಲಿ ಬಾಗಿಲಿಗೆ ಅಡ್ಡಲಾಗಿ ಒಂದು ಆಟೋ ಬಂದು ನಿಂತಿತು. ಅದರ ಎರಡೂ ಕಡೆಯಿಂದ ಹೊರಚಾಚಿಕೊಂಡಿದ್ದ, ಕಂದು ಕಾಗದ ಸುತ್ತಿದ ಭಾರೀ ಪಟವೊಂದನ್ನು ಹಿಡಿದುಕೊಂಡು ಇಸ್ತ್ರಿ ಮಾಡಿದ ಪಂಚೆಯುಟ್ಟ ಒಬ್ಬ ಮನುಷ್ಯ ಇಳಿದ. ಫ್ರೇಮಿನ ಅಂಗಡಿಯವನು. ನಾನು ಮದುಮಗಳ ಕೋಣೆಯ ಬಾಗಿಲಲ್ಲಿ ನಿಂತಿದ್ದೆ. ಅವನನ್ನು ಅದಕ್ಕೆ ಮೊದಲು ಎಂದೂ ಕಂಡವಳಲ್ಲ. ಅಣ್ಣನ ಮುಖ ನೋಡಿಯೇ ಯಾರೆಂದು ಗೊತ್ತಾಯಿತು.

ಕರೆಯದೆ ಬಂದವನು ಅಂತ ಅಡುಗೆಯವರಿಗೆ ಏನು ಗೊತ್ತು? ಯಾರೋ ದೊಡ್ಡ ದೇವರ ಪಟವನ್ನೇ ಉಡುಗೊರೆ ತಂದಿದ್ದಾರೆ ಎಂದು ಇಬ್ಬರು ಓಡಿಬಂದು, ಕೈಕೊಟ್ಟು, ಮಂಟಪದ ಪಕ್ಕಕ್ಕೆ ತಂದು ಒರಗಿಸಿಯೂ ಬಿಟ್ಟರು. ಗಂಡಿನ ತಾಯಿ ಎದ್ದು ನಿಂತು ಕೈಮುಗಿದರು. "ಯಾವ ದೇವರೋ ಯಪ್ಪಾ?"

"ಬಿಚ್ತೀನಿ, ನೋಡಿ ಅಜ್ಜಿ," ಎಂದು ಅವನು ಜೇಬಿನಿಂದ ಬ್ಲೇಡು ತೆಗೆದು, ಅಂಗಡಿಯಲ್ಲಿ ಮಾಡುವಷ್ಟೇ ನೀಟಾಗಿ ಕಾಗದ ಸೀಳಿದ.

ಒಳಗಿದ್ದದ್ದು ಮದುವೆಯ ಫೋಟೋ. ಬಾಸಿಂಗ ಕಟ್ಟಿಕೊಂಡು ತಲೆ ತಗ್ಗಿಸಿದ ಅಕ್ಕ, ಇಪ್ಪತ್ತು ವರ್ಷದವರೂ ಇರಲಿಕ್ಕಿಲ್ಲ. ಪಕ್ಕದಲ್ಲಿ ಅವನು. ಇಬ್ಬರ ಹಿಂದೆ ಒಬ್ಬ ಸಣಕಲು ಹೆಂಗಸು, ಮಗಳ ಭುಜದ ಮೇಲೊಂದು ಕೈ, ಅಳಿಯನ ಭುಜದ ಮೇಲೊಂದು ಕೈ. ಗಂಡಿನ ತಾಯಿ ಇನ್ನೂ ಕೈಮುಗಿದುಕೊಂಡೇ ನಿಂತಿದ್ದರು. ನಾದಸ್ವರದವನು ಬಾಯಿಂದ ವಾದ್ಯ ತೆಗೆದ.

"ಉಡುಗೊರೆ ಕಣ್ರೀ," ಎಂದ ಅವನು, ಎಲ್ಲರಿಗೂ ಕೇಳುವ ಹಾಗೆ. "ತೇಗದ ಫ್ರೇಮು, ನಾನೇ ಮಾಡಿದ್ದು. ಹೊಸ ಮನೇಲಿ ಹಾಕ್ಕೊಳ್ಳಲಿ. ಈಯಮ್ಮ ಎಷ್ಟನೇ ಸಲ ಹಸೆಮಣೆ ಏರಿದ್ದು ಅಂತ ಬಂದು ಹೋಗೋರಿಗೆ ಗೊತ್ತಾಗ್ಲಿ." ಅವನು ಕರೆತಂದಿದ್ದ ಆ ಇನ್ನೊಬ್ಬಳೂ ಅವನನ್ನು ಬಿಟ್ಟುಹೋಗಿ ಬಹಳ ಕಾಲವಾಗಿತ್ತು ಅಂತ ನನಗೆ ಆಮೇಲೆ ತಿಳಿಯಿತು.

ಅಣ್ಣ ಪೇಟ ತೆಗೆದು ಕುರ್ಚಿಯ ಮೇಲಿಟ್ಟ. ಅದರ ಮೇಲೆ ತೆಂಗಿನಕಾಯಿ ಇಟ್ಟ. "ಬಡ್ಕೊಂಡೆ ನಾನು. ಮರ್ಯಾದೆ ಹೋಗುತ್ತೆ ಅಂತ ಬಡ್ಕೊಂಡೆ," ಅಂದವನು ಹೆಂಡತಿಯನ್ನು ಎಬ್ಬಿಸಿಕೊಂಡು ಹಿಂಬಾಗಿಲಿನಿಂದ ಹೊರಟೇಹೋದ.

ಅಕ್ಕ ನನ್ನನ್ನು ಪಕ್ಕಕ್ಕೆ ಸರಿಸಿ ಹೊರಗೆ ಬಂದರು. ಮುಹೂರ್ತದ ಸೀರೆ, ಹಣೆಗೆ ಬಾಸಿಂಗ. ಯಾರ ಕಡೆಗೂ ನೋಡದೆ ನೇರ ಫೋಟೋದ ಮುಂದೆ ಹೋಗಿ ಕುಕ್ಕರುಗಾಲಲ್ಲಿ ಕೂತರು. ಈಗ ಒಡೆಯುತ್ತಾರೆ ಅಂದುಕೊಂಡೆ. ನಾನಾಗಿದ್ದರೆ ಒಡೆಯುತ್ತಿದ್ದೆ. ಅವರು ಸೆರಗಿನ ತುದಿಯಿಂದ ಗಾಜು ಒರೆಸಿದರು. ಹಿಂದೆ ನಿಂತಿದ್ದ ಹೆಂಗಸಿನ ಮುಖದ ಮೇಲೆ ಆ ಚಪ್ಪಟೆ ಹೆಬ್ಬೆರಳನ್ನು ಇಟ್ಟರು.

"ಅಮ್ಮ ಇಷ್ಟು ಸಣ್ಣ ಇದ್ಲಾ?" ಎಂದು ಯಾರನ್ನೋ ಕೇಳಿದರು.

ಆಮೇಲೆ ಅವನ ಕಡೆ ತಿರುಗಿದರು. "ಅಮ್ಮ ಜೀವಮಾನದಲ್ಲಿ ಫೋಟೋಗೆ ನಿಂತಿದ್ದು ಇದೊಂದೇ ಸಲ. ಕೊಡಿ ಅಂತ ಕೇಳಿ ಕಳಿಸಿದ್ದಕ್ಕೆ ಗಟಾರಕ್ಕೆ ಹಾಕ್ದೆ ಅಂದಿದ್ರಿ."

"ಹಾಕ್ಬೇಕು ಅಂತಲೇ ಇದ್ದೆ."

"ಹಾಕ್ಲಿಲ್ವಲ್ಲ. ತಂದ್ಕೊಟ್ಟಿದ್ದು ಒಳ್ಳೇದಾಯ್ತು," ಅಂದರು ಅಕ್ಕ.

ಅವಮಾನ ಮಾಡಲು ಬಂದವನಿಗೆ ಅವರು ಧನ್ಯವಾದ ಹೇಳುತ್ತಿದ್ದರು, ಅದೂ ನಿಜವಾಗಿ. ಅವನು ಕೂರಲು ಜಾಗ ಹುಡುಕುವವನ ಹಾಗೆ ಸುತ್ತ ನೋಡಿದ. ಗಂಡಿನ ತಾಯಿ ಅಷ್ಟು ಹೊತ್ತಿಗೆ ಫೋಟೋದ ಹತ್ತಿರ ಬಂದು ಮೂಗು ತಾಗುವಷ್ಟು ಬಗ್ಗಿದ್ದರು. "ಇದು ಯಾರ ಮದಿವೀವಾ?"

"ನಂದೇ ಅಮ್ಮ. ಹಳೇದು."

ಮದುವೆ ನಿಂತುಹೋಗಲು ಮುದುಕಿಯ ಒಂದು ಮಾತು ಸಾಕಿತ್ತು. "ಹಿಂದ ನಿಂತಾಕಿ ನಿಮ್ಮವ್ವೇನು? ಮೂಗು ನಿನ್ನಂಗ ಐತಿ," ಅಂದರು. ಆಮೇಲೆ, "ನನ್ನ ಮಗಾ ಎಲ್ಲದಾನ?" ಎಂದು ಕೇಳಿದರು.

ಆಗ ಎಲ್ಲರಿಗೂ ನೆನಪಾಯಿತು. ಬಾಗಿಲಿಗೆ ಓಡಿದೆವು. ಬಾಳೆಕಂಬದಾಚೆ ಬೀದಿ ಖಾಲಿ. "ಕಾಶಿಗೆ ಹೋದ್ರು," ಎಂದ ನಾದಸ್ವರದವನು, ತುಂಬಾ ಗಂಭೀರವಾಗಿ. ನಗಬಾರದ ಹೊತ್ತು, ಆದರೂ ನಾಲ್ಕಾರು ಜನ ನಕ್ಕರು. ಅಕ್ಕ ನಗಲಿಲ್ಲ. ಆ ಮುಖದಲ್ಲಿ ಭಯ ನೋಡಿದ್ದು ನಾನು ಅದೊಂದೇ ಸಲ. ಅಣ್ಣ ಹೋಗಿದ್ದಾಗಿತ್ತು. ಆ ದಿನ ಮದುವೆ ತಪ್ಪಿದರೆ ಇನ್ನೊಂದು ದಿನ ಇಡುವವರು ಯಾರೂ ಇರಲಿಲ್ಲ. ಒಂಟಿ ಕೋಣೆ, ಒಂಟಿ ತಟ್ಟೆ. ನಮ್ಮ ಗುಂಪಿನ ಇಬ್ಬರು ಗಂಡಸರು, ನಾವು ಕರೆತರುತ್ತೇವೆ ಎಂದು ಹೊರಟರು. ಅಕ್ಕ ತಡೆದರು. ಕುರ್ಚಿಯ ಮೇಲಿದ್ದ ತೆಂಗಿನಕಾಯಿ ಎತ್ತಿಕೊಂಡು, "ನಾನೇ ಹೋಗ್ತೀನಿ. ಬಾರೇ," ಎಂದು ನನ್ನನ್ನು ಕರೆದರು.

ಭಟ್ಟರು ಉಗುರಿನ ಬಣ್ಣ ಕೆರೆಯುತ್ತಾ ನಿಂತಿದ್ದರು. "ಹೆಣ್ಣೇ ಹೋಗಿ ಕರೆದದ್ದು ನಾನು ಎಲ್ಲೂ ನೋಡಿಲ್ಲಮ್ಮ. ಆದ್ರೆ ಹೋಗ್ಬಾರ್ದು ಅಂತ ಎಲ್ಲೂ ಓದಿಯೂ ಇಲ್ಲ. ಬೇಗ ಹೋಗ್ಬನ್ನಿ," ಅಂದರು.

ಬಾಸಿಂಗ ಕಟ್ಟಿದ ಮದುಮಗಳು ತೆಂಗಿನಕಾಯಿ ಹಿಡಿದು ಯಲಹಂಕದ ಬೀದಿಯಲ್ಲಿ ದಾಪುಗಾಲು ಹಾಕುತ್ತಿದ್ದರೆ ಜನ ನೋಡದೆ ಇರುತ್ತಾರೆಯೇ? ಮೂಲೆಯ ಬೀಡಾ ಅಂಗಡಿಯವನನ್ನು ಕೇಳಿದೆ, ಕೊಡೆ ಹಿಡಿದವರು ಯಾರಾದರೂ ಹೋದರಾ ಎಂದು. "ಓ, ಆ ಯಪ್ಪನಾ? ಮೆರವಣಿಗೆ ಜತೇಲಿ ಇಂಗೇ ಓದ್ರು ಕಣಮ್ಮ. ಏನ್ ವೇಸ ಅಂತೀರಾ! ಪಸ್ಟ್ ಪ್ರೈಜು ಅವರ್ಗೇ," ಎಂದ. ಆಗಿದ್ದು ಏನೆಂದರೆ, ಇವರು ತಿರುಗಿ ನೋಡದೆ ನಡೆಯುತ್ತಾ ಹೋಗಿ ದೊಡ್ಡ ರಸ್ತೆ ಮುಟ್ಟಿದಾಗ ಹಿಂದಿನಿಂದ ರಾಜ್ಯೋತ್ಸವದ ಮೆರವಣಿಗೆ ಬಂದಿದೆ. ಟ್ರಾಕ್ಟರ್ ಮೇಲೆ ತಾಯಿ ಭುವನೇಶ್ವರಿಯ ಪಟ, ಮುಂದೆ ಬ್ಯಾಂಡು. ಕೊಡೆ, ಕೋಲು, ಬೀಸಣಿಗೆ ಹಿಡಿದ ಇವರನ್ನು ಯುವಕ ಸಂಘದ ಹುಡುಗರು ವೇಷಧಾರಿ ಅಂತಲೇ ತಿಳಿದು, ಎದೆಗೆ ಕೆಂಪು ಹಳದಿ ಪಟ್ಟಿ ಚುಚ್ಚಿ, ಸಾಲಿನ ಮುಂದೆ ನಿಲ್ಲಿಸಿಕೊಂಡಿದ್ದಾರೆ. ನಿಲ್ಲಬಾರದು ಎಂದು ಭಟ್ಟರು ಹೇಳಿದ್ದರಲ್ಲ. ಇವರು ನಡೆದರು. ಮೆರವಣಿಗೆ ರೈಲ್ವೆ ಸ್ಟೇಷನ್ ರಸ್ತೆಯಲ್ಲಿ ಆಚೆ ತಿರುಗಿದಾಗ ಇವರು ನೆಟ್ಟಗೆ ಮುಂದುವರಿದರು.

ಅವರು ಸಿಕ್ಕಿದ್ದು ಪ್ಲಾಟ್‌ಫಾರಂನಲ್ಲಿ. ರಸ್ತೆ ಮುಗಿದಿತ್ತು, ಮುಂದೆ ಹಳಿ. ಕಲ್ಲುಬೆಂಚಿನ ಮೇಲೆ ಕೊಡೆ ಬಿಚ್ಚಿಕೊಂಡೇ ಕೂತಿದ್ದರು. ಬೀಸಣಿಗೆ ತೊಡೆಯ ಮೇಲೆ. ಹೊಸ ಚಪ್ಪಲಿ ಕಚ್ಚಿ ಹಿಮ್ಮಡಿ ಕೆಂಪಾಗಿತ್ತು. ನಾನು ಹಿಂದೆಯೇ ನಿಂತೆ. ಅಕ್ಕ ಹೋಗಿ ಎದುರಿಗೆ ನಿಂತರು. ಓಡಿದ ಉಸಿರು ಇನ್ನೂ ಹತೋಟಿಗೆ ಬಂದಿರಲಿಲ್ಲ.

"ಯಾರೂ ಕರೀಲಿಲ್ರಿ," ಅಂದರು ಅವರು, ತಪ್ಪು ತಮ್ಮದೇ ಎನ್ನುವ ಹಾಗೆ. "ಅದಕ್ಕ ನಡಕೋತ ಬಂದೆ. ಇಲ್ಲಿಗಿ ಬಂದಮ್ಯಾಲೆ ಅನಿಸ್ತು, ನಾನೂ ಬ್ಯಾಡಾದೆ ಏನೋ ಅಂತ."

ಅಕ್ಕ ತೆಂಗಿನಕಾಯಿ ಮುಂದೆ ಹಿಡಿದರು. ಆಡಬೇಕಾದ ಮಾತು ಅಣ್ಣನದು, ನಿಮಗೆ ನಮ್ಮ ಹುಡುಗಿಯನ್ನು ಕೊಡುತ್ತೇವೆ ಅನ್ನುವುದು. ಅವರು ಸ್ವಲ್ಪ ತಡವರಿಸಿದರು. "ಕಾಶಿಗೆ ಹೋಗ್ಬೇಡಿ. ನನ್ನನ್ನ ಕೊಡೋಕೆ ನನ್ನ ಕಡೆಯೋರು ಯಾರೂ ಉಳಿದಿಲ್ಲ. ನಾನೇ ಬಂದಿದೀನಿ. ಬನ್ನಿ."

ಅವರು ಎದ್ದರು. ತೆಂಗಿನಕಾಯಿ ತೆಗೆದುಕೊಳ್ಳಲು ಕೈ ಖಾಲಿ ಇರಲಿಲ್ಲ. ಕೋಲು ನನ್ನ ಕೈಗೆ ಬಂತು, ಬೀಸಣಿಗೆಯೂ ಬಂತು. ಬೆವರಿಗೆ ಅವರ ಹಣೆಯ ಕುಂಕುಮ ಹುಬ್ಬಿನವರೆಗೆ ಇಳಿದಿತ್ತು. ಅಕ್ಕ ಹೆಬ್ಬೆರಳಿನಿಂದ ಅದನ್ನು ಒರೆಸಿ ಸರಿಮಾಡಿದರು. ಅವರಿಬ್ಬರೂ ಒಬ್ಬರನ್ನೊಬ್ಬರು ಮುಟ್ಟಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಆಚೆ ಕಡೆ ನೋಡುತ್ತಾ ನಿಂತೆ.

ವಾಪಸ್ಸು ಬರುವಾಗ ಇಬ್ಬರೂ ಒಂದೇ ಕೊಡೆಯ ಕೆಳಗೆ ಬಂದರು. ನಮಗೆ ಮುಹೂರ್ತ ಮೀರಿರಬಹುದು ಅನ್ನುವ ದಿಗಿಲು. "ಶಿಫ್ಟಿನವರ ಮದುವೆ ಅಂದ್ರೆ ಲೇಟಾಗುತ್ತೆ ಅಂತ ಮೊದಲೇ ಲೆಕ್ಕ ಹಿಡಿದು ಇಟ್ಟಿರ್ತೀನಿ," ಅಂದರು ಭಟ್ಟರು. ಕ್ಯಾಂಟೀನಿನ ಅಡುಗೆಯವರು ಗಂಡಹೆಂಡತಿ ನಿಂತು ಧಾರೆ ಎರೆದುಕೊಟ್ಟರು. ಅಕ್ಕನ ಮಾತಿನಂತೆ ಆ ಫೋಟೋವನ್ನು ಪಕ್ಕದಲ್ಲೇ ಇಟ್ಟಿದ್ದರು, ಅಮ್ಮ ನೋಡಲಿ ಅಂತ. ಅದರಲ್ಲಿ ಹಳೆಯ ಮದುಮಗನೂ ಇದ್ದ. ಅವನೂ ನೋಡಿದ.

ನಿಜವಾದ ಮನುಷ್ಯ ಇನ್ನೂ ಛತ್ರದಲ್ಲೇ, ಕಂಬಕ್ಕೆ ಒರಗಿ ಕೂತಿದ್ದ. ಯಾರೂ ಮಾತಾಡಿಸಿರಲಿಲ್ಲ. ಕತ್ತು ಹಿಡಿದು ದಬ್ಬಬೇಕು ಅಂತ ನಮ್ಮ ಹುಡುಗರು ಗೊಣಗುತ್ತಿದ್ದರು. ಅಕ್ಕ ಹೋಗಿ, "ಊಟ ಮಾಡ್ಕೊಂಡು ಹೋಗಿ," ಅಂದರು. ಕೊನೆಯ ಪಂಕ್ತಿಯಲ್ಲಿ ಅವನಿಗೆ ಎಲೆ ಹಾಕಿಸಿ, ಮದುಮಗಳು ಮಾಡಬಾರದ ಕೆಲಸ, ತಾವೇ ಹುಳಿ ಬಡಿಸಿದರು. ಅವನು ಅನ್ನ ಕಲಸಿದ. ತುತ್ತು ಎತ್ತಲಿಲ್ಲ. ಭುಜ ಕುಲುಕತೊಡಗಿತು.

"ಊಟದ ಮುಂದೆ ಅಳಬಾರ್ದು. ಹುಳಿಗೆ ಆಗ್ಲೇ ಉಪ್ಪು ಹಾಕಿದಾರೆ," ಅಂದರು ಅಕ್ಕ. ನನಗೆ ಹೇಳಿದ್ದ ಅದೇ ಮಾತು. ದನಿಯಲ್ಲಿ ಪ್ರೀತಿ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಮೇಜಿನ ಕೊನೆಯಲ್ಲಿ ಕೂತು ಮಾತಾಡುವಾಗಿನ ದನಿ ಅದು. ಅವನು ಊಟ ಮುಗಿಸಿ, ಎಲೆ ಮಡಚಿ, ಯಾರಿಗೂ ಹೇಳದೆ ಹೋದ.

ಯಲಹಂಕದ ಉಪನಗರದಲ್ಲಿ ಅವರದು ಎರಡು ಕೋಣೆಯ ಮನೆ. ಹಜಾರದ ಗೋಡೆಯ ಮೇಲೆ ಆ ಫೋಟೋ ಇತ್ತು. ಮೊಳೆ ಹೊಡೆದವರು ಸ್ಟೋರ್ಸಿನವರೇ. ಹೊಸದಾಗಿ ಬಂದವರು ಅಕ್ಕನನ್ನು ನೋಡಿ, ಫೋಟೋ ನೋಡಿ, ಕಾಫಿ ಕೊಡುತ್ತಿದ್ದ ಯಜಮಾನರನ್ನು ನೋಡಿ ಕಕ್ಕಾಬಿಕ್ಕಿಯಾಗುತ್ತಿದ್ದರು. "ಆ ಗಂಡನ ಅರ್ಧ ಕತ್ತರಿಸಿ ತೆಗೆಸಿಬಿಡಿ ಅಕ್ಕ," ಎಂದು ನಾನೊಮ್ಮೆ ಹೇಳಿದೆ. "ಹೆಂಗೆ ಕತ್ತರಿಸ್ಲಿ? ಅಮ್ಮನ ಕೈ ಅವನ ಭುಜದ ಮೇಲಿದೆಯಲ್ಲ," ಅಂದರು. ನನಗೂ ಮದುವೆಯಾಯಿತು, ಅದೇ ಊರಿನಲ್ಲಿ, ಶಿಫ್ಟಿಗೆ ಹೋಗುವ ಹುಡುಗಿಯೇ ಇರಲಿ ಅಂದ ಮನೆಗೆ. ಸಂಬಂಧ ನೋಡಿ ಬಂದು "ಪರ್ವಾಗಿಲ್ಲ" ಅಂದವರು ಅಕ್ಕನೇ.

ಅಕ್ಕನ ಆ ಸಂಸಾರ ಕೆಲವೇ ವರ್ಷ. ಎಂಬತ್ತರ ದಶಕ ಮುಗಿಯುವ ಮೊದಲೇ ಅವರಿಗೆ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿಕೊಂಡಿತು. ಕೆಲಸ ಬಿಟ್ಟರು. ಹಾಸಿಗೆ ಹಿಡಿದ ಮೇಲೆ ಹೆಬ್ಬೆರಳಿನ ಆ ಗಟ್ಟಿ ಚರ್ಮ ಪದರ ಪದರವಾಗಿ ಉದುರಿ, ಕೊನೆಗೆ ಮಗುವಿನ ಬೆರಳಿನ ಹಾಗೆ ಮೆತ್ತಗಾಯಿತು. ಅದನ್ನು ಹಿಡಿದುಕೊಂಡು ಕೂತಿದ್ದೆ ಒಂದು ಮಧ್ಯಾಹ್ನ. ಸ್ಟೋರ್ಸಿನವರು ಅಡುಗೆಮನೆಯಲ್ಲಿ ಗಂಜಿ ಮಾಡುತ್ತಿದ್ದರು.

"ನೋಡೇ," ಅಂದರು ಅಕ್ಕ, ಗಂಡನಿಗೆ ಕೇಳದ ಹಾಗೆ. "ಅವರು ಕರೀದೆ ಎಲ್ಲಿಗೂ ಬರೋರಲ್ಲ. ಹಸಿದ್ರೂ ಬರಲ್ಲ. ನೀನು ಕರೀತಾ ಇರು."

"ಹೂಂ, ಸುಮ್ನಿರಿ ಅಕ್ಕ," ಎಂದೆ.

"ಸುಮ್ನೆ ಹೂಂ ಅನ್ನಬೇಡ. ಕರೀತೀಯಾ?"

ಕರೀತೀನಿ ಎಂದೆ.

ಅಕ್ಕ ತೀರಿಕೊಂಡ ದಿನ ಅಣ್ಣ ಬಂದ, ಕಾರ್ಖಾನೆಯವರೆಲ್ಲ ಬಂದರು. ಮನೆಯೆದುರು ರಸ್ತೆಯಾಚೆ, ಲೈಟಿನ ಕಂಬದ ಹತ್ತಿರ ಫ್ರೇಮಿನ ಅಂಗಡಿಯವನು ನಿಂತಿದ್ದ. ತಲೆ ಪೂರ್ತಿ ನೆರೆತಿತ್ತು. ಒಳಗೆ ಬರುವ ಧೈರ್ಯವಿಲ್ಲ, ಹೋಗುವ ಮನಸ್ಸಿಲ್ಲ. ನಾವೆಲ್ಲ ನೋಡಿದೆವು, ನೋಡದವರ ಹಾಗೆ ಇದ್ದೆವು. ಸ್ಟೋರ್ಸಿನವರು ಎದ್ದರು. ಅವರು ಯಾರೂ ಹೇಳದೆ ತಾವಾಗಿ ಒಂದು ಕೆಲಸಕ್ಕೆ ಎದ್ದದ್ದನ್ನು ನಾನು ಬೇರೆ ಎಂದೂ ಕಂಡಿಲ್ಲ. ಬರಿಗಾಲಲ್ಲಿ ರಸ್ತೆ ದಾಟಿ ಹೋಗಿ, "ಒಳಗ ಬರ್ರಿ," ಎಂದು ಅವನ ಮೊಣಕೈ ಹಿಡಿದರು. ಇಬ್ಬರೂ ಒಳಗೆ ಬಂದು ಅಕ್ಕನ ಕಾಲ ಹತ್ತಿರ ಕೂತರು.

ಅಕ್ಕನಿಗೆ ನಾನು ಕೊಟ್ಟ ಮಾತು ದೊಡ್ಡದೇನಲ್ಲ. ಅವರು ಬಡಿಸಿದ ಒಂದು ಸೌಟು ಹುಳಿಯ ಲೆಕ್ಕಕ್ಕೂ ಅದು ಸಾಲದು. ಸ್ಟೋರ್ಸಿನವರನ್ನು ವಾರಕ್ಕೊಮ್ಮೆ ಊಟಕ್ಕೆ ಕರೆಯುತ್ತೇನೆ, ಹಬ್ಬಕ್ಕೆ ಕರೆಯುತ್ತೇನೆ, ರಾಜ್ಯೋತ್ಸವದ ದಿನ ತಪ್ಪದೆ ಕರೆಯುತ್ತೇನೆ. ಆ ದಿನ ಬಿಸಿಲಿರಲಿ ಮೋಡವಿರಲಿ ಅವರ ಕೈಯಲ್ಲಿ ಕೊಡೆ ಇದ್ದೇ ಇರುತ್ತದೆ. ಗೇಟು ತೆಗೆದಿರುತ್ತದೆ, ಬಾಗಿಲೂ ತೆಗೆದಿರುತ್ತದೆ, ಎಲೆ ಹಾಕಿಯಾಗಿರುತ್ತದೆ. ಆದರೂ ಅವರು ಗೇಟಿನ ಹೊರಗೆ ಕೊಡೆ ಬಿಚ್ಚಿಕೊಂಡು ನಿಂತೇ ಇರುತ್ತಾರೆ. ಹಿಂದಿನ ದಿನ ಹೇಳಿದ್ದು ಲೆಕ್ಕಕ್ಕಿಲ್ಲ. ನಾನು ಸೆರಗಿಗೆ ಕೈ ಒರೆಸಿಕೊಂಡು ಹೋಗಿ ಎದುರಿಗೆ ನಿಲ್ಲಬೇಕು.

"ಕಾಶಿಗೆ ಹೋಗ್ಬೇಡಿ. ಬನ್ನಿ, ಊಟ ಆರುತ್ತೆ."

"ಹೂಂರಿ," ಎಂದು ಅವರು ಕೊಡೆ ಮಡಚುತ್ತಾರೆ.